ಆನ್‌ಲೈನ್‌ನಲ್ಲಿ ವ್ಯಾಪಾರದ ಕಾಗದಪತ್ರ: ಕಲಬುರಗಿಯವರು ಎಲ್ಲಿ ದುಡ್ಡು ಕೊಡಬೇಕು, ಎಲ್ಲಿ ಕೊಡಬಾರದು

ನೆಹರು ಗಂಜಿನಲ್ಲಿ ಅಡತಿ ಅಂಗಡಿ ತೆಗೆಯುವವರಿರಲಿ, ಕಪನೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ದಾಲ್‌ಮಿಲ್ ಹಾಕುವವರಿರಲಿ, ಬೀದರಿನಿಂದ ಬಿದರಿ ಸಾಮಾನು ಆನ್‌ಲೈನ್‌ನಲ್ಲಿ ಮಾರಲು ಹೊರಟವರಿರಲಿ, ಕಾಗದಪತ್ರದ ಮಾತು ಬಂತೆಂದರೆ ಈಗ ಮೊದಲು ಕೈಗೆ ಬರುವುದು ಮೊಬೈಲು. ‘ಹದಿನೈದು ನಿಮಿಷದಲ್ಲಿ ಪಾರ್ಟ್ನರ್‌ಶಿಪ್ ಡೀಡ್’, ‘ವಾರದೊಳಗೆ ಕಂಪನಿ’ ಎನ್ನುವ ಜಾಹೀರಾತುಗಳು ಸಾಲುಗಟ್ಟಿ ನಿಲ್ಲುತ್ತವೆ. ಕೆಲವು ಸರ್ಕಾರಿ ಪೋರ್ಟಲ್‌ಗಳು, ಕೆಲವು ಪ್ಯಾಕೇಜ್ ಮಾರುವ ಖಾಸಗಿ ಸೈಟುಗಳು, ಉಳಿದವು ಪುಕ್ಕಟೆ ನಮೂನೆ ಹಂಚುವ ಹೊರದೇಶದವು. ಪರದೆಯ ಮೇಲೆ ಎಲ್ಲವೂ ಒಂದೇ ತರ: ಹೆಸರು ತುಂಬು, ಮುಂದೆ ಒತ್ತು, ಪಿಡಿಎಫ್ ಇಳಿಸಿಕೋ. ಬ್ಯಾಂಕಿನ ಕೌಂಟರ್ ಮುಂದೆ, ಕೋರ್ಟಿನ ಕಟಕಟೆಯಲ್ಲಿ ಅವು ಒಂದೇ ತರ ಇರುವುದಿಲ್ಲ.

ನಮ್ಮ ತೀರ್ಪು ಮೊದಲೇ ಇರಲಿ. ಸಣ್ಣ ಉದ್ಯಮಗಳನ್ನು ದಾಖಲಿಸುವ ಸರ್ಕಾರದ ‘ಉದ್ಯಮ್’ ನೋಂದಣಿಗೆ ಯಾರಿಗೂ ಒಂದು ಪೈಸೆ ಕೊಡಬೇಡಿ. ಪಾಲುದಾರಿಕೆ ಪತ್ರಕ್ಕೆ ಆನ್‌ಲೈನ್ ನಮೂನೆಯನ್ನು ಕರಡು ಎಂದು ಬಳಸಿ, ಕೊನೆಯ ಪ್ರತಿಯನ್ನು ಊರಿನ ವಕೀಲರೋ ಸಿಎ ಅವರೋ ಓದದೆ ಸಹಿ ಮಾಡಬೇಡಿ. ದುಡ್ಡು ಖರ್ಚಾಗಬೇಕಾದ ಜಾಗ ಅದು. ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ), ಪ್ರೈವೇಟ್ ಲಿಮಿಟೆಡ್ ಪ್ಯಾಕೇಜು ಕೊಳ್ಳುವ ಮೊದಲು, ಕಂಪನಿ ಹುಟ್ಟಿದ ಮೇಲೆ ಅದನ್ನು ಸಾಕುವ ಖರ್ಚು ಯಾರದು ಎಂದು ಕೇಳಿ.

ಉದ್ಯಮ್ ಪೋರ್ಟಲ್‌ನಿಂದ ಶುರು ಮಾಡೋಣ, ಅತಿ ಹೆಚ್ಚು ಜನ ಮೋಸ ಹೋಗುವುದು ಅಲ್ಲೇ. 2020ರ ಜುಲೈ 1ರಿಂದ ನಡೆಯುತ್ತಿರುವ ಈ ನೋಂದಣಿಗೆ ಶುಲ್ಕವಿಲ್ಲ, ನವೀಕರಣವೂ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಮಾತ್ರ ಅಶೋಕ ಸ್ತಂಭದ ಚಿತ್ರ, ತ್ರಿವರ್ಣದ ಪಟ್ಟಿ ಇಟ್ಟುಕೊಂಡ ಖಾಸಗಿ ಸೈಟುಗಳು ಅಸಲಿ ಪೋರ್ಟಲ್‌ಗಿಂತ ಮೇಲೆ ಕಂಡುಬಿಡಬಹುದು. ಅವು ಇದೇ ಫಾರ್ಮನ್ನು ತುಂಬಿಸಿಕೊಂಡು, ‘ಪ್ರೊಸೆಸಿಂಗ್ ಫೀ’ ಹಿಡಿದು, ಅದೇ ಮಾಹಿತಿಯನ್ನು ಸರ್ಕಾರಿ ಪೋರ್ಟಲ್‌ಗೆ ಹಾಕುತ್ತವೆ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇಲ್ಲದಿದ್ದರೆ ಆಧಾರ್ ನಂಬರು ಒತ್ತಬೇಡಿ.

ಫಾರ್ಮ್ ಸರಳ. ಮಾಲೀಕರ ಆಧಾರ್ ಮತ್ತು ಒಟಿಪಿ, ಸಂಸ್ಥೆಯ ಬಗೆ, ಪ್ಯಾನ್, ಜಿಎಸ್‌ಟಿ ಇದ್ದರೆ ಅದರ ನಂಬರು, ವಿಳಾಸ, ಬ್ಯಾಂಕ್ ಖಾತೆ, ಕೆಲಸಗಾರರ ಸಂಖ್ಯೆ, ಜಿಲ್ಲಾ ಕೈಗಾರಿಕಾ ಕೇಂದ್ರ, ಮತ್ತೊಂದು ಒಟಿಪಿ. ಹೂಡಿಕೆ ಮತ್ತು ವಹಿವಾಟಿನ ಅಂಕಿಗಳು ಆದಾಯ ತೆರಿಗೆ, ಜಿಎಸ್‌ಟಿ ದಾಖಲೆಗಳಿಂದ ತಾವೇ ಬಂದು ಕೂರುತ್ತವೆ. 2025ರ ಏಪ್ರಿಲ್ 1ರಿಂದ 2.5 ಕೋಟಿ ಹೂಡಿಕೆ, 10 ಕೋಟಿ ವಹಿವಾಟಿನವರೆಗೆ ‘ಮೈಕ್ರೋ’. ನಮ್ಮ ಕಡೆಯ ಬಹುತೇಕ ಅಂಗಡಿ, ಗಿರಣಿಗಳು ಅದರೊಳಗೇ ಬರುತ್ತವೆ.

ಎಡವುವುದು ಎನ್‌ಐಸಿ ಕೋಡ್, ಅಂದರೆ ಉದ್ಯಮದ ಬಗೆ ಹೇಳುವ ಸರ್ಕಾರಿ ಸಂಖ್ಯೆ, ಆರಿಸುವಲ್ಲಿ. ತೊಗರಿ ಕೊಂಡು, ಒಡೆದು, ಬೇಳೆ ಮಾಡಿ ಮಾರುವವರು ‘ನಮ್ಮದು ಬೇಳೆ ವ್ಯಾಪಾರ’ ಎಂದುಕೊಂಡು ‘ಟ್ರೇಡಿಂಗ್’ ಒತ್ತಿಬಿಡುತ್ತಾರೆ. ದಾಲ್ ಮಿಲ್ಲಿಂಗ್ ತಯಾರಿಕೆಯ ಪಟ್ಟಿಯಲ್ಲಿದೆ, ಕೋಡ್ 10613. ಇದು ಬರೀ ನಂಬರಿನ ಪ್ರಶ್ನೆಯಲ್ಲ. 2021ರ ಜುಲೈಯಲ್ಲಿ ವ್ಯಾಪಾರಿಗಳನ್ನು ಉದ್ಯಮ್ ಒಳಗೆ ಸೇರಿಸಿಕೊಂಡದ್ದು ಆದ್ಯತಾ ವಲಯದ ಸಾಲಕ್ಕಾಗಿ ಮಾತ್ರ. ಸರಕು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಬಡ್ಡಿ ಕಟ್ಟಬೇಕು ಎನ್ನುವ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಹೈದರಾಬಾದಿನ ಪಾರ್ಟಿ ಬೇಳೆಯ ದುಡ್ಡು ನಾಲ್ಕು ತಿಂಗಳು ಎಳೆದಾಗ, ತಪ್ಪು ಗುಂಡಿ ಒತ್ತಿದ ಗಿರಣಿಯವರಿಗೆ ಆ ಬಾಗಿಲು ಮುಚ್ಚಿರುತ್ತದೆ. ಗಿರಣಿ ಮತ್ತು ವ್ಯಾಪಾರ ಎರಡೂ ಇದ್ದರೆ ಒಂದೇ ನೋಂದಣಿಯಲ್ಲಿ ಎರಡೂ ಕೋಡ್ ಸೇರಿಸಬಹುದು. ಒಂದು ಉದ್ಯಮಕ್ಕೆ ಎರಡು ಉದ್ಯಮ್ ನೋಂದಣಿ ಮಾಡಿಸುವಂತಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇಲ್ಲೇ ಹುಟ್ಟುತ್ತದೆ. ಉದ್ಯಮ್ ಸರ್ಟಿಫಿಕೇಟ್ ಕೈಗೆ ಬಂದರೆ ‘ಫರ್ಮ್ ರಿಜಿಸ್ಟರ್ ಆಯ್ತು’ ಎನ್ನುವವರು ಬಹಳ. ಅದು ಇರುವ ಉದ್ಯಮಕ್ಕೆ ಅಂಟಿಸಿದ ಚೀಟಿ. ಉದ್ಯಮವನ್ನು ಹುಟ್ಟಿಸುವ ಕಾಗದವಲ್ಲ. ಒಬ್ಬರೇ ನಡೆಸುವ ಅಂಗಡಿಗೆ, ಅಂದರೆ ಪ್ರೊಪ್ರೈಟರ್‌ಶಿಪ್‌ಗೆ, ಹುಟ್ಟಿಸುವ ಕಾಗದವೇ ಬೇಕಿಲ್ಲ. ಮಾಲೀಕರ ಪ್ಯಾನೇ ಅಂಗಡಿಯ ಪ್ಯಾನ್, ಅಂಗಡಿಯ ಸಾಲ ಮಾಲೀಕರ ಸಾಲ. ಅಂಗಡಿಯ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆಯಲು ಸಾಮಾನ್ಯವಾಗಿ ಎರಡು ದಾಖಲೆ ಕೇಳುತ್ತಾರೆ. ಉದ್ಯಮ್ ಒಂದು, ಇ-ಕಾರ್ಮಿಕ ಪೋರ್ಟಲ್‌ನಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಪಡೆಯುವ ನೋಂದಣಿಯೋ ಜಿಎಸ್‌ಟಿಯೋ ಇನ್ನೊಂದು. ‘ಪ್ರೊಪ್ರೈಟರ್‌ಶಿಪ್ ರಿಜಿಸ್ಟ್ರೇಷನ್ ಪ್ಯಾಕೇಜ್’ ಎಂದು ಸಾವಿರಗಟ್ಟಲೆ ಕೇಳುವವರು ಮಾರುತ್ತಿರುವುದು ಇವೆರಡನ್ನೇ.

ಪುಕ್ಕಟೆ ನಮೂನೆಗಳ ಸೈಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಹುಡುಕಿದರೆ ಮೇಲೆ ಬರುವವು ಹೆಚ್ಚಾಗಿ ಅಮೆರಿಕದವು. ನಮೂನೆಯಲ್ಲಿ ‘ಎಲ್‌ಎಲ್‌ಸಿ’, ‘ಆಪರೇಟಿಂಗ್ ಅಗ್ರಿಮೆಂಟ್’, ‘ಎಸ್ ಕಾರ್ಪೊರೇಷನ್’ ಎಂದು ಕಂಡರೆ ಅಲ್ಲಿಗೇ ಮುಚ್ಚಿ. ಎಲ್‌ಎಲ್‌ಸಿ ಎನ್ನುವುದು 1977ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಮೊದಲು ಬಂದ ಅಮೆರಿಕದ ರಚನೆ. ಭಾರತದ ಕಾನೂನಿನಲ್ಲಿ ಅಂಥದ್ದಿಲ್ಲ. ನಮ್ಮ ಎಲ್‌ಎಲ್‌ಪಿ ಅದರ ತಮ್ಮನಂತೆ ಕೇಳಿಸಿದರೂ 2008ರ ಬೇರೆ ಕಾಯ್ದೆಯ ಮಗು. ಎಸ್ ಕಾರ್ಪೊರೇಷನ್ ಅಂತೂ ಅಲ್ಲಿಯ ತೆರಿಗೆಯ ಒಂದು ಆಯ್ಕೆ ಅಷ್ಟೆ.

ಈಗ ಪಾಲುದಾರಿಕೆ ಪತ್ರ. ಅಣ್ಣತಮ್ಮಂದಿರು, ಭಾವ-ಭಾವಮೈದ, ಇಬ್ಬರು ಗೆಳೆಯರು ಸೇರಿ ಮಾಡುವ ವ್ಯಾಪಾರವೇ ಈ ಭಾಗದಲ್ಲಿ ಹೆಚ್ಚು, ಹಾಗಾಗಿ ಖಾಸಗಿ ಸೈಟುಗಳಲ್ಲಿ ಹೆಚ್ಚು ಬಳಕೆಯಾಗುವ ಫಾರ್ಮೂ ಇದೇ. ಪ್ರಶ್ನೋತ್ತರದ ಮಾದರಿ ಚೆನ್ನಾಗಿಯೇ ಇದೆ. ಹೆಸರು, ವಿಳಾಸ, ಬಂಡವಾಳ, ಲಾಭದ ಪಾಲು, ಬ್ಯಾಂಕ್ ಸಹಿ ಯಾರದು ಎಂದು ಒಂದೊಂದಾಗಿ ಕೇಳಿ ಏಳೆಂಟು ಪುಟದ ಪತ್ರ ಕೊಡುತ್ತದೆ. ಕೇಳದೆ ಬಿಟ್ಟದ್ದರಲ್ಲಿ ಅದರ ಕೊರತೆ ಇದೆ.

ಪಾಲುದಾರರ ಸಂಬಳದ ಕಲಂ ನೋಡಿ. ನಮೂನೆಗಳಲ್ಲಿ ‘ಸಂಭಾವನೆಯನ್ನು ಪಾಲುದಾರರು ಪರಸ್ಪರ ಒಪ್ಪಿಗೆಯಿಂದ ಕಾಲಕಾಲಕ್ಕೆ ನಿರ್ಧರಿಸತಕ್ಕದ್ದು’ ಎಂಬ ಸಾಲು ಸಾಮಾನ್ಯ. ಓದಲು ಗಂಭೀರ, ತೆರಿಗೆಗೆ ನಿರುಪಯೋಗಿ. ಕೆಲಸ ಮಾಡುವ ಪಾಲುದಾರರು ಯಾರು, ಅವರಿಗೆ ಎಷ್ಟು, ಅಥವಾ ಯಾವ ಲೆಕ್ಕದಲ್ಲಿ ಎಷ್ಟು ಎಂದು ಪತ್ರದಲ್ಲೇ ಇಲ್ಲದಿದ್ದರೆ ಫರ್ಮಿನ ಆದಾಯದಿಂದ ಸಂಬಳ ಕಳೆಯಲು ಬಿಡುವುದಿಲ್ಲ. ವ್ಯತ್ಯಾಸ ಎಷ್ಟೆಂದು ಲೆಕ್ಕ ಹಾಕಿ. ಸಂಬಳಕ್ಕೆ ಮುಂಚಿನ ಲಾಭ 8 ಲಕ್ಷ ಎನ್ನಿ. ಈಗಿನ ಮಿತಿಯಂತೆ ಮೊದಲ 6 ಲಕ್ಷಕ್ಕೆ ಶೇ. 90, ಅಂದರೆ 5.4 ಲಕ್ಷ, ಉಳಿದ 2 ಲಕ್ಷಕ್ಕೆ ಶೇ. 60, ಅಂದರೆ 1.2 ಲಕ್ಷ. ಒಟ್ಟು 6.6 ಲಕ್ಷ ಸಂಬಳ ಕಳೆದು ಫರ್ಮಿನ ಕೈಯಲ್ಲಿ ಉಳಿಯುವುದು 1.4 ಲಕ್ಷ. ಫರ್ಮಿಗೆ ತೆರಿಗೆ ಶೇ. 30, ಸೆಸ್ ಸೇರಿ 31.2, ಕಟ್ಟಬೇಕಾದದ್ದು 43,680 ರೂಪಾಯಿ. ಕಲಂ ಸರಿಯಿಲ್ಲದಿದ್ದರೆ ಇಡೀ 8 ಲಕ್ಷಕ್ಕೆ 2,49,600. ಒಂದು ಸಾಲಿನ ಬೆಲೆ ವರ್ಷಕ್ಕೆ ಎರಡು ಲಕ್ಷ. ಹಳೆಯ ನಮೂನೆಗಳಲ್ಲಿ ಮೊದಲ 3 ಲಕ್ಷ ಎಂಬ ಹಿಂದಿನ ಮಿತಿಯೇ ಉಳಿದಿರುತ್ತದೆ, ಅದನ್ನೂ ಪರೀಕ್ಷಿಸಿ. ಬಂಡವಾಳದ ಮೇಲಿನ ಬಡ್ಡಿಗೂ ಇದೇ ಮಾತು: ಶೇ. 12ರವರೆಗೆ ಕಳೆಯಬಹುದು, ಪತ್ರದಲ್ಲಿ ಬರೆದಿದ್ದರೆ. 2025ರ ಏಪ್ರಿಲ್‌ನಿಂದ ಪಾಲುದಾರರಿಗೆ ಕೊಡುವ ಸಂಬಳ-ಬಡ್ಡಿ ವರ್ಷಕ್ಕೆ 20,000 ದಾಟಿದರೆ ಶೇ. 10 ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯಬೇಕು. ಇದು ಪತ್ರಕ್ಕೆ ಸಂಬಂಧಿಸಿದ್ದಲ್ಲ, ಲೆಕ್ಕ ಬರೆಯುವವರಿಗೆ ಹೇಳಿಡಿ.

ಎರಡನೆಯದು ಸಾವಿನ ಕಲಂ. ‘ಪಾಲುದಾರರೊಬ್ಬರು ತೀರಿಕೊಂಡರೂ ಫರ್ಮ್ ಮುಂದುವರಿಯತಕ್ಕದ್ದು’ ಎಂದು ಎಲ್ಲ ನಮೂನೆಗಳಲ್ಲೂ ಇರುತ್ತದೆ, ಇಬ್ಬರೇ ಪಾಲುದಾರರಿರುವ ಪತ್ರದಲ್ಲೂ. ಇಬ್ಬರಲ್ಲಿ ಒಬ್ಬರು ಹೋದರೆ ಉಳಿಯುವವರು ಒಬ್ಬರೇ. ಒಬ್ಬರಿಂದ ಪಾಲುದಾರಿಕೆ ಆಗುವುದಿಲ್ಲ, ಆ ಸಾಲು ಎಷ್ಟೇ ದಪ್ಪ ಅಕ್ಷರದಲ್ಲಿರಲಿ. ಮನೆಯವರೊಬ್ಬರನ್ನು ಸಣ್ಣ ಪಾಲಿಗಾದರೂ ಮೂರನೆಯವರಾಗಿ ಮೊದಲೇ ಸೇರಿಸಿಕೊಳ್ಳುವುದು ಇದಕ್ಕೆ ಸರಳ ದಾರಿ.

ಮೂರನೆಯದು ಜಾಗ. ಗಿರಣಿ ನಿಂತ ಜಾಗ ಅಣ್ಣನ ಹೆಸರಲ್ಲಿ, ಯಂತ್ರ ತಮ್ಮನ ಸಾಲದಿಂದ ಬಂದದ್ದು. ನಮೂನೆ ‘ಬಂಡವಾಳ ತಲಾ ಶೇ. 50’ ಎಂದು ಬರೆದು ಮುಗಿಸುತ್ತದೆ. ಜಾಗ ಫರ್ಮಿನದಾಯಿತೋ ಅಣ್ಣನದಾಗಿಯೇ ಉಳಿದು ಬಾಡಿಗೆಗೆ ಬಂತೋ ಎಂದು ಅದಕ್ಕೆ ಗೊತ್ತಿಲ್ಲ, ಅದು ಕೇಳಿಯೂ ಇಲ್ಲ. ಹತ್ತು ವರ್ಷದ ನಂತರ ರಸ್ತೆ ಅಗಲವಾಗಿ ಜಾಗದ ಬೆಲೆ ಏರಿದಾಗ ಮನೆಯಲ್ಲಿ ಆಗುವ ಜಗಳ ಇದೇ. ‘ಜಾಗ ಇಂಥವರ ಸ್ವಂತ ಸ್ವತ್ತು, ಫರ್ಮಿಗೆ ತಿಂಗಳಿಗೆ ಇಷ್ಟು ಬಾಡಿಗೆಗೆ ಕೊಡಲಾಗಿದೆ’ ಎಂಬ ಎರಡು ಸಾಲು ಸಾಕು. ಜಾಗವನ್ನೇ ಬಂಡವಾಳವಾಗಿ ಹಾಕುವುದಾದರೆ ಛಾಪಾ ಶುಲ್ಕದ (ಸ್ಟಾಂಪ್ ಡ್ಯೂಟಿ) ಲೆಕ್ಕವೇ ಬದಲಾಗುತ್ತದೆ. ಅದನ್ನು ವೆಬ್‌ಸೈಟಿನ ಕೈಗೆ ಕೊಡಬೇಡಿ.

ಹಾಗೆಯೇ ಕೊನೆಯ ಪುಟ ಬಿಡದೆ ಓದಿ. ‘ವಿವಾದಗಳು ನವದೆಹಲಿಯ ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟಿವೆ’ ಎಂದು ನಮೂನೆ ಮಾಡಿದವರ ಊರು ಅಲ್ಲಿ ಉಳಿದುಬಿಟ್ಟಿರುತ್ತದೆ. ಶಹಾಪುರದ ಹತ್ತಿ ವ್ಯಾಪಾರಿ ದೆಹಲಿಗೆ ಯಾಕೆ ಹೋಗಬೇಕು? ಪತ್ರ ಕನ್ನಡದಲ್ಲಿದ್ದರೂ ನಡೆಯುತ್ತದೆ. ಸಹಿ ಹಾಕುವವರಲ್ಲಿ ಒಬ್ಬರಿಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಬರೆಸುವುದೇ ವಾಸಿ.

ಪತ್ರ ಮುದ್ರಿಸಿದ ಮೇಲೆ ಛಾಪಾ. ಇ-ಸ್ಟಾಂಪ್ ಕೊಳ್ಳುವಾಗ ಹುಷಾರು. ‘ಅಗ್ರಿಮೆಂಟ್’ ಎಂದರೆ ಅಗ್ರಿಮೆಂಟಿನದೇ ಸಿಗುತ್ತದೆ. ‘ಪಾರ್ಟ್ನರ್‌ಶಿಪ್’ ಎಂದು ಸ್ಪಷ್ಟವಾಗಿ ಹೇಳಿ, ಇಬ್ಬರ ಹೆಸರೂ ಪ್ಯಾನ್‌ನಲ್ಲಿರುವಂತೆ ಬರೆದುಕೊಡಿ. ಇ-ಸ್ಟಾಂಪಿನ ತಾರೀಖು ಸಹಿಯ ತಾರೀಖಿಗಿಂತ ಮುಂಚಿನದೋ ಅದೇ ದಿನದ್ದೋ ಆಗಿರಬೇಕು. ವ್ಯಾಪಾರ ಏಪ್ರಿಲ್ 1ಕ್ಕೆ ಶುರುವಾಯಿತೆಂದು ಜೂನ್‌ನಲ್ಲಿ ಕೊಂಡ ಸ್ಟಾಂಪಿನ ಮೇಲೆ ಏಪ್ರಿಲ್ 1ರ ಸಹಿ ಹಾಕುವ ಚಾಳಿ ಇದೆ. ಕಾಗದವೇ ಸುಳ್ಳು ಹೇಳುತ್ತದೆ. ಕಡಿಮೆ ಛಾಪಾ ಹಾಕಿದ ಪತ್ರವನ್ನು ಕೋರ್ಟು ಸಾಕ್ಷಿಯಾಗಿ ಒಪ್ಪುವುದಿಲ್ಲ, ಒಪ್ಪಬೇಕಾದರೆ ಕೊರತೆಯ ಹತ್ತು ಪಟ್ಟಿನವರೆಗೆ ದಂಡ ಬೀಳಬಹುದು.

ಖಾಸಗಿ ಸೈಟುಗಳ ಹಾದಿ ಇಲ್ಲಿಗೆ ನಿಲ್ಲುತ್ತದೆ. ‘ನೋಟರಿ ಮಾಡಿಸಿಕೊಳ್ಳಿ’ ಎಂದು ಹೇಳಿ ಕೈತೊಳೆದುಕೊಳ್ಳುತ್ತವೆ. ನೋಟರಿ ಬೇರೆ, ಫರ್ಮ್ ನೋಂದಣಿ ಬೇರೆ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ, ನಿಜ. ಆದರೆ ಅದೇ ಕಾಯ್ದೆಯ 69ನೇ ಕಲಂ ಪ್ರಕಾರ ನೋಂದಣಿಯಾಗದ ಫರ್ಮ್ ತನ್ನ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಉದ್ರಿ ಮೇಲೆ ನಿಂತ ವ್ಯಾಪಾರಕ್ಕೆ ಇದಕ್ಕಿಂತ ದೊಡ್ಡ ಕುತ್ತಿಲ್ಲ. ನಿಮ್ಮ ಮೇಲೆ ಬೇರೆಯವರು ದಾವೆ ಹೂಡಲು ಅಡ್ಡಿಯೇನೂ ಇಲ್ಲ ಎಂಬುದೂ ಗೊತ್ತಿರಲಿ. ದಾವೆ ಹೂಡುವ ದಿನಕ್ಕೆ ನೋಂದಣಿ ಇರಬೇಕು, ಆಮೇಲೆ ಮಾಡಿಸಿದರೆ ಆ ದಾವೆ ಉಳಿಯುವುದಿಲ್ಲ.

ನೋಂದಣಿಗೆ ಅರ್ಜಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿದೆ, ಕನ್ನಡದಲ್ಲೂ ಇದೆ. ಫರ್ಮಿನ ಹೆಸರು, ಮುಖ್ಯ ವಿಳಾಸ, ಬೇರೆ ಊರಿನ ಶಾಖೆಗಳು, ಒಬ್ಬೊಬ್ಬರೂ ಸೇರಿದ ದಿನಾಂಕ, ಪೂರ್ಣ ಹೆಸರು ಮತ್ತು ಕಾಯಂ ವಿಳಾಸ, ಫರ್ಮಿನ ಅವಧಿ: ಕಾಯ್ದೆ ಕೇಳುವುದು ಇಷ್ಟೇ, ಎಲ್ಲ ಪಾಲುದಾರರ ಸಹಿಯೊಂದಿಗೆ. ಮುಂದೆ ಒಬ್ಬರು ಹೊರಬಿದ್ದರೆ, ಇನ್ನೊಬ್ಬರು ಸೇರಿದರೆ ಅದನ್ನೂ ದಾಖಲಿಸಬೇಕು. ಬಿಟ್ಟುಹೋದ ಪಾಲುದಾರರು ಸಾರ್ವಜನಿಕ ಪ್ರಕಟಣೆ ಕೊಡದಿದ್ದರೆ ಹೋದ ಮೇಲಿನ ಸಾಲಕ್ಕೂ ಅವರ ಕುತ್ತಿಗೆ ಸಿಕ್ಕಬಹುದು.

ಯಾವ ಪೋರ್ಟಲ್‌ಗೆ ಹೋದರೂ ಅರ್ಜಿ ತಿರುಗಿ ಬರುವುದು ಕಾನೂನಿನ ಕಾರಣಕ್ಕಲ್ಲ, ಹೆಸರಿನ ಕಾರಣಕ್ಕೆ. ಶರಣಪ್ಪ ಎಂಬ ಹೆಸರಿನ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಆಧಾರ್‌ನಲ್ಲಿ ‘ಆರ್’ ಆದ ಮೇಲೆ ‘ಎ’ ಇದೆ, ಪ್ಯಾನ್‌ನಲ್ಲಿ ಇಲ್ಲ. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ತಂದೆಯ ಹೆಸರು ನಡುವೆ. ಮೊದಲು ಇವೆರಡನ್ನು ಒಂದು ಮಾಡಿಕೊಳ್ಳಿ, ಆಮೇಲೆ ಫಾರ್ಮ್ ಮುಟ್ಟಿ. ವಿಳಾಸದ ಕತೆಯೂ ಅಷ್ಟೇ. ಅಂಗಡಿಯ ಜೆಸ್ಕಾಂ ಕರೆಂಟ್ ಬಿಲ್ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿ ಬರುತ್ತಿದ್ದರೆ, ಜಿಎಸ್‌ಟಿಗಾಗಲಿ ಕಂಪನಿಯ ಕಚೇರಿಗಾಗಲಿ ಒಪ್ಪಿಗೆ ಪತ್ರ ಕೊಡಲು ಅಜ್ಜ ಎದ್ದು ಬರುವುದಿಲ್ಲ. ಮೀಟರ್ ಅಥವಾ ಜಾಗದ ಖಾತೆಯ ಹೆಸರು ಬದಲಾವಣೆಯನ್ನು ಒಂದೆರಡು ತಿಂಗಳು ಮುಂಚೆ ಹಚ್ಚಿಡಿ. ಕಂಪನಿ ಅರ್ಜಿಗೆ ಬಿಲ್ ಎರಡು ತಿಂಗಳಿಗಿಂತ ಹಳೆಯದಿರಬಾರದು. 2014ರ ನವೆಂಬರ್ 1ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಊರು ಗುಲ್ಬರ್ಗಾ, ಈಗಿನವುಗಳಲ್ಲಿ ಕಲಬುರಗಿ. ಪತ್ರದಲ್ಲಿ ‘ಕಲಬುರಗಿ, ಹಿಂದಿನ ಗುಲ್ಬರ್ಗಾ’ ಎಂದು ಒಮ್ಮೆ ಬರೆದರೆ ಮುಂದೆ ಪ್ರಶ್ನೆ ಏಳುವುದಿಲ್ಲ.

ಕಂಪನಿ, ಎಲ್‌ಎಲ್‌ಪಿ ಪ್ಯಾಕೇಜುಗಳಿಗೆ ಬಂದರೆ, ಜಾಹೀರಾತಿನ ‘ಸರ್ಕಾರಿ ಶುಲ್ಕ ಸೇರಿ’ ಎನ್ನುವ ಮಾತನ್ನು ಬಿಡಿಸಿ ನೋಡಬೇಕು. ಕಂಪನಿ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ ಕಂಪನಿ ಹುಟ್ಟಿಸುವ ಸ್ಪೈಸ್ ಪ್ಲಸ್ ಫಾರ್ಮಿನಲ್ಲಿ 15 ಲಕ್ಷದವರೆಗಿನ ಅಧಿಕೃತ ಬಂಡವಾಳಕ್ಕೆ ನೋಂದಣಿ ಶುಲ್ಕವೇ ಇಲ್ಲ. ಹೆಸರನ್ನು ಮಾತ್ರ ಮೊದಲು ಕಾಯ್ದಿರಿಸಿದರೆ 1,000 ರೂಪಾಯಿ, ಎರಡು ಹೆಸರು ಕೊಡಬಹುದು, ಸಿಕ್ಕ ಹೆಸರು 20 ದಿನ ನಿಮ್ಮದು. ಉಳಿದದ್ದು ರಾಜ್ಯದ ಛಾಪಾ ಶುಲ್ಕ, ಡಿಜಿಟಲ್ ಸಹಿ, ಮತ್ತು ಸಿಎ ಅಥವಾ ಸಿಎಸ್ (ಕಂಪನಿ ಸೆಕ್ರೆಟರಿ) ಅವರ ಫೀಸು. ಅವರ ದೃಢೀಕರಣವಿಲ್ಲದೆ ಫಾರ್ಮ್ ಹೋಗುವುದೇ ಇಲ್ಲ; ಆದ್ದರಿಂದ ‘ನೀವೇ ಮಾಡಿಕೊಳ್ಳಿ’ ಎಂಬುದು ಇಲ್ಲಿ ಅರ್ಧ ಮಾತು. ಹೆಸರಿನಲ್ಲಿ ನಮ್ಮವರು ಹೆಚ್ಚು ಸೋಲುತ್ತಾರೆ. ಗಂಜಿನಲ್ಲಿ ಶರಣಬಸವೇಶ್ವರರ ಹೆಸರಿನ ಫರ್ಮುಗಳು ಎಷ್ಟಾದರೂ ಇರಬಹುದು, ಕಂಪನಿಗಳ ಪಟ್ಟಿಯಲ್ಲಿ ಹತ್ತಿರದ ಹೆಸರು ಒಂದಿದ್ದರೂ ತಿರಸ್ಕಾರ. ದೇವರ ಹೆಸರಿನ ಜೊತೆ ಮನೆತನದ್ದೋ ಊರಿನದ್ದೋ ವಿಶಿಷ್ಟ ಪದ ಸೇರಿಸಿ, ಟ್ರೇಡ್‌ಮಾರ್ಕ್ ಪಟ್ಟಿಯನ್ನೂ ಒಮ್ಮೆ ನೋಡಿ.

ಪ್ಯಾಕೇಜು ಮುಗಿಯುವುದು ಸರ್ಟಿಫಿಕೇಟ್ ಬಂದ ದಿನ. ಕಂಪನಿಯ ಖರ್ಚು ಶುರುವಾಗುವುದೂ ಅದೇ ದಿನ. 30 ದಿನದೊಳಗೆ ಮೊದಲ ಆಡಿಟರ್ ನೇಮಕವಾಗಬೇಕು. ಷೇರು ಹಣ ಬ್ಯಾಂಕಿಗೆ ಬಂದದ್ದನ್ನು 180 ದಿನದೊಳಗೆ ಐಎನ್‌ಸಿ-20ಎ ಫಾರ್ಮಿನಲ್ಲಿ ತಿಳಿಸಬೇಕು, ಅಲ್ಲಿಯವರೆಗೆ ವ್ಯಾಪಾರ ಶುರು ಮಾಡುವಂತಿಲ್ಲ. ವಹಿವಾಟು ಸೊನ್ನೆ ಇದ್ದರೂ ಪ್ರತಿ ವರ್ಷ ಆಡಿಟ್, ಲೆಕ್ಕಪತ್ರದ ಫಾರ್ಮ್, ವಾರ್ಷಿಕ ವರದಿಯ ಫಾರ್ಮ್. ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಎರಡೂ ಸೇರಿ ವರ್ಷ ಮರೆತರೆ 73,000. ಒಬ್ಬರೇ ಮಾಡಬಹುದಾದ ಒಪಿಸಿ ಕಂಪನಿಗೂ ಈ ತಾಪತ್ರಯ ಹೆಚ್ಚು ಕಡಿಮೆ ಇಷ್ಟೇ, ಮೇಲೊಬ್ಬ ನಾಮಿನಿ ಬೇಕು.

ಎಲ್‌ಎಲ್‌ಪಿ ಸ್ವಲ್ಪ ಹಗುರ. ಬಂಡವಾಳ 1 ಲಕ್ಷದವರೆಗಿದ್ದರೆ ನೋಂದಣಿ ಶುಲ್ಕ 500, 5 ಲಕ್ಷದವರೆಗೆ 2,000. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವವರೆಗೆ ಆ ಕಾಯ್ದೆಯಡಿ ಆಡಿಟ್ ಬೇಡ. ಮೇ 30ಕ್ಕೆ ಫಾರ್ಮ್ 11, ಅಕ್ಟೋಬರ್ 30ಕ್ಕೆ ಫಾರ್ಮ್ 8 ಮಾತ್ರ ತಪ್ಪಿಸುವಂತಿಲ್ಲ. ಅಗ್ಗದ ಪ್ಯಾಕೇಜುಗಳಲ್ಲಿ ಬಿಟ್ಟುಹೋಗುವುದು ಎಲ್‌ಎಲ್‌ಪಿ ಕರಾರು: ಅದನ್ನು 30 ದಿನದೊಳಗೆ ಫಾರ್ಮ್ 3ರಲ್ಲಿ ಹಾಕಬೇಕು, ಕರಾರೇ ಇಲ್ಲದಿದ್ದರೆ ಲಾಭ ಎಲ್ಲರಿಗೂ ಸಮ ಎಂಬ ಕಾಯ್ದೆಯ ಮೊದಲ ಅನುಸೂಚಿ ನಿಮ್ಮ ಮೇಲೆ ಬಂದು ಕೂರುತ್ತದೆ. ಕೊಳ್ಳುವ ಮುಂಚೆ ‘ಫಾರ್ಮ್ 3 ಸೇರಿದೆಯಾ?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

‘ಸೀಮಿತ ಹೊಣೆಗಾರಿಕೆ’ ಎಂಬ ಮಾತಿಗೆ ಸೋತು ಕಂಪನಿ ಮಾಡುವವರಿಗೆ ಒಂದು ಮಾತು. ಸಣ್ಣ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕು ಸಾಮಾನ್ಯವಾಗಿ ಡೈರೆಕ್ಟರ್‌ಗಳ ಸ್ವಂತ ಜಾಮೀನು ಬರೆಸಿಕೊಳ್ಳುತ್ತದೆ. ಅಷ್ಟರ ಮಟ್ಟಿಗೆ ಆ ಗೋಡೆಯಲ್ಲಿ ಬಾಗಿಲು ಇದ್ದೇ ಇದೆ. ತೆರಿಗೆ ನೋಡಿದರೂ, ವರ್ಷಕ್ಕೆ 8-10 ಲಕ್ಷ ಲಾಭದ ಒಬ್ಬರ ಅಂಗಡಿಗೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇದೆ. ಫರ್ಮಿಗೂ ಕಂಪನಿಗೂ ಮೊದಲ ರೂಪಾಯಿಯಿಂದಲೇ ತೆರಿಗೆ. ಹೊರಗಿನ ಹೂಡಿಕೆ ಬರುವುದಿದ್ದರೆ, ದೊಡ್ಡ ಖರೀದಿದಾರರು ಕಂಪನಿಯೇ ಬೇಕೆಂದರೆ ಮಾತು ಬೇರೆ.

ತೊಗರಿ ಬೆಳೆಗಾರರು ಸೇರಿ ಮಾಡುವ ಉತ್ಪಾದಕರ ಕಂಪನಿಯನ್ನು ಈ ಸೈಟುಗಳು ಮೆನುವಿನಲ್ಲಿ ಇಟ್ಟಿದ್ದರೂ ಅಲ್ಲಿ ಕೊಳ್ಳಬೇಡಿ. ಅದಕ್ಕೆ ಕನಿಷ್ಠ ಹತ್ತು ಮಂದಿ ಉತ್ಪಾದಕರು, ಐವರು ಡೈರೆಕ್ಟರ್‌ಗಳು ಬೇಕು. ಎಲ್ಲರ ಪಹಣಿ, ಆಧಾರ್, ಪ್ಯಾನ್ ಹೆಸರು ಹೊಂದಿಸುವ ಕೆಲಸವೇ ಮುಕ್ಕಾಲು ಪಾಲು, ಅದು ಬೆಂಗಳೂರಿನ ಕಾಲ್‌ಸೆಂಟರ್‌ನಿಂದ ಆಗುವುದಲ್ಲ.

ಇನ್ನು ನಾಮಫಲಕ. ಅಂಗಡಿ ನೋಂದಣಿ, ಪಾಲಿಕೆಯ ಟ್ರೇಡ್ ಲೈಸೆನ್ಸ್ ಎಲ್ಲ ಆದ ಮೇಲೆ ಇಂಗ್ಲಿಷ್ ಲೋಗೋ ಇರುವ ಬೋರ್ಡ್ ಬರೆಸಿ ಸಿಕ್ಕಿಬೀಳುವವರಿದ್ದಾರೆ. 2024ರ ತಿದ್ದುಪಡಿಯಂತೆ ಬೋರ್ಡಿನ ಶೇ. 60 ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ.

ಮುಚ್ಚುವ ಖರ್ಚನ್ನು ಯಾವ ಸೈಟೂ ಮೊದಲ ಪುಟದಲ್ಲಿ ಹೇಳುವುದಿಲ್ಲ. ಪ್ರೊಪ್ರೈಟರ್‌ಶಿಪ್ ಮುಚ್ಚಲು ಜಿಎಸ್‌ಟಿ ರದ್ದು ಮಾಡಿ, ಉದ್ಯಮ್ ರದ್ದು ಮಾಡಿ, ಖಾತೆ ಮುಚ್ಚಿದರೆ ಮುಗಿಯಿತು. ಪಾಲುದಾರಿಕೆಗೆ ವಿಸರ್ಜನಾ ಪತ್ರ, ನೋಂದಣಾಧಿಕಾರಿಗೆ ಮಾಹಿತಿ. ಕಂಪನಿಯ ಹೆಸರನ್ನು ಪಟ್ಟಿಯಿಂದ ತೆಗೆಸಲು ಎಸ್‌ಟಿಕೆ-2 ಫಾರ್ಮಿನ ಶುಲ್ಕವೇ 10,000 ರೂಪಾಯಿ, ಅದಕ್ಕೂ ಮೊದಲು ಬಾಕಿ ಉಳಿದ ವರ್ಷಗಳ ಫಾರ್ಮುಗಳನ್ನೆಲ್ಲ ದಂಡ ಸಮೇತ ತುಂಬಬೇಕು.